ಚಳಿಗಾಲದ ಊಟಿ ಮತ್ತು ಒಂಬತ್ತು ಸಾಲಿನ ಪ್ರವಾಸ ಕಥನ

ಪ್ರವಾಸದಿಂದ ಬಂದ ವಾರದೊಳಗೆ ಎರಡು ಪುಟದ ಪ್ರವಾಸ ಕಥನ ಬರೆದುಕೊಡಬೇಕು ಎನ್ನುವುದು ನಮ್ಮ ಕನ್ನಡ ವಿಭಾಗದಲ್ಲಿ ಬಹಳ ವರ್ಷಗಳಿಂದ ನಡೆದುಕೊಂಡು ಬಂದ ಪದ್ಧತಿ. ಅದಕ್ಕೆ ಹತ್ತು ಅಂಕ. ಆಂತರಿಕ ಮೌಲ್ಯಮಾಪನಕ್ಕೆ ಸೇರುವುದರಿಂದ ಯಾರೂ ತಪ್ಪಿಸುವುದಿಲ್ಲ. ಕಳೆದ ಡಿಸೆಂಬರ್ ಕೊನೆಯ ವಾರ ನಾನು ಮತ್ತು ನನ್ನ ಸಹೋದ್ಯೋಗಿಯೊಬ್ಬರು 41 ಮಂದಿ ಬಿ.ಎ. ವಿದ್ಯಾರ್ಥಿಗಳನ್ನು ಊಟಿಗೆ ಕರೆದುಕೊಂಡು ಹೋಗಿದ್ದೆವು. ಬಂದ ಮೇಲೆ ಒಂದು ಭಾನುವಾರ ಕೂತು 41 ಬರಹಗಳನ್ನೂ ತಿದ್ದಿದೆ. ಒಂದಕ್ಕೆ ಒಂಬತ್ತು ಅಂಕ ಕೊಟ್ಟೆ. ಇನ್ನೊಂದಕ್ಕೆ ನಾಲ್ಕು ಕೊಟ್ಟು, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ವರ್ಣನೆ ಸಾಲದು. ನೋಡಿದ್ದನ್ನು ಬರೆಯಿರಿ’ ಎಂದು ಬರೆದೆ. ಆ ನಾಲ್ಕು ಅಂಕದ ಬಗ್ಗೆ, ಆ ಕೆಂಪು ಶಾಯಿಯ ಮಾತಿನ ಬಗ್ಗೆ ಈ ಬರಹ. ವಿಮರ್ಶೆ ಕಲಿಸುವವಳು ತನ್ನದೇ ವಿಮರ್ಶೆಯ ತಪ್ಪನ್ನು ತಿದ್ದಿಕೊಳ್ಳುವ ಪ್ರಯತ್ನ ಎಂದು ಓದುಗರು ಭಾವಿಸಬೇಕು.

ಮೊದಲು ಆ ನಲವತ್ತರ ವಿಚಾರ ಹೇಳುತ್ತೇನೆ. ಹೆಚ್ಚಿನವು ‘ಬೆಳಗಿನ ಜಾವ ಐದು ಗಂಟೆಗೆ ನಮ್ಮ ಬಸ್ಸು ಹೊರಟಿತು’ ಎಂದೇ ಶುರುವಾಗಿದ್ದವು. ಬೆಟ್ಟಗಳು ಹಸಿರು ಸೀರೆ ಉಟ್ಟಿದ್ದವು. ಮಂಜು ಮುಸುಕು ಹೊದ್ದಿತ್ತು. ಚಳಿ ಮೈ ಕೊರೆಯುತ್ತಿತ್ತು. ಭೂಮಿಯ ಮೇಲಿನ ಸ್ವರ್ಗ ಎಂಬ ಮಾತು ಎಷ್ಟು ಕಡೆ ಬಂದಿತೆಂದರೆ, ಒಂದು ಹಂತದ ನಂತರ ನಾನು ಅದರ ಕೆಳಗೆ ಗೆರೆ ಎಳೆಯುವುದನ್ನೇ ಬಿಟ್ಟೆ. ಬರಹಗಳಲ್ಲಿ ದಾರಿಯಿತ್ತು, ತಿಂಡಿಯಿತ್ತು, ಹಾಡಿತ್ತು, ಕೆರೆಯಿತ್ತು, ಗುಲಾಬಿ ತೋಟವಿತ್ತು. ಜನ ಇರಲಿಲ್ಲ. ಚಹಾ ಮಾರುವವನು, ಕುದುರೆ ಸವಾರಿ ಮಾಡಿಸುವವನು ಬಂದರೂ ‘ಅಲ್ಲಿನ ಜನ ಬಹಳ ಮುಗ್ಧರು’ ಎಂಬ ಒಂದೇ ಸಾಲಿನಲ್ಲಿ ಮುಗಿದು ಹೋಗುತ್ತಿದ್ದರು.

ಇದಕ್ಕೆ ಹುಡುಗರನ್ನು ದೂರುವುದು ನ್ಯಾಯವಲ್ಲ. ಹಸಿರು ಸೀರೆಯನ್ನು ಅವರು ಬೆಟ್ಟದ ಮೇಲೆ ನೋಡಲಿಲ್ಲ. ನಾವು ಕೊಟ್ಟ ಪ್ರಬಂಧದ ಪುಸ್ತಕಗಳಲ್ಲಿ, ಪತ್ರಿಕೆಗಳ ಪ್ರವಾಸದ ಪುಟಗಳಲ್ಲಿ ನೋಡಿದ್ದರು. ಪ್ರವಾಸ ಕಥನವೆಂದರೆ ಸುಂದರ ಜಾಗಕ್ಕೆ ಹೋಗಿ ಅದು ಸುಂದರವಾಗಿತ್ತು ಎಂದು ಸುಂದರವಾದ ಪದಗಳಲ್ಲಿ ಹೇಳುವುದು ಎಂಬ ಪಾಠವನ್ನು ನಾವೇ ಮಾಡಿದ್ದೇವೆ. ನಾನು ಒಂಬತ್ತು ಅಂಕ ಕೊಟ್ಟ ಬರಹದಲ್ಲಿ ಈ ಪದಗಳೆಲ್ಲ ಇದ್ದವು, ಕಾಗುಣಿತದ ತಪ್ಪು ಮಾತ್ರ ಇರಲಿಲ್ಲ.

ಇನ್ನು ನಾಲ್ಕು ಅಂಕದ ಬರಹ. ಎರಡು ಪುಟ ಕೇಳಿದ್ದಕ್ಕೆ ಅದರಲ್ಲಿ ಇದ್ದದ್ದು ಒಂಬತ್ತು ವಾಕ್ಯ. ಬರೆದವಳು ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿಯವಳು, ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ. ಅವಳ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಡಿಯಾಗಿ ಇಲ್ಲಿ ಕೊಡುತ್ತಿದ್ದೇನೆ:

‘ಊಟಿಗೆ ಇದು ನನ್ನ ಎರಡನೇ ಸಲ. ಮೊದಲ ಸಲ ಬಂದಾಗ ನನಗೆ ಒಂಬತ್ತು ವರ್ಷ. ಅಮ್ಮ ಇಲ್ಲಿ ಟೀ ತೋಟದ ಲೈನಿನಲ್ಲಿ ಇದ್ದಳು. ಸಂಕ್ರಾಂತಿ ಹೊತ್ತಿಗೆ ಮಾವ ನನ್ನನ್ನು ಕರೆದುಕೊಂಡು ಬಂದಿದ್ದ. ಆಗ ಊರು ನೋಡಲಿಲ್ಲ. ಲೈನು ಮನೆ, ಸೊಪ್ಪು ತೂಕ ಹಾಕುವ ಜಾಗ, ಒಂದು ಅಂಗಡಿ ನೋಡಿದೆ. ಈ ಸಲ ಕೆರೆ, ಹೂವಿನ ತೋಟ, ದೊಡ್ಡಬೆಟ್ಟ ನೋಡಿದೆ. ಎರಡೂ ಒಂದೇ ಊರು ಎಂದು ಗೊತ್ತಾಗಲಿಲ್ಲ. ಟೀ ತೋಟದ ಹತ್ತಿರ ನಾನು ಬಸ್ಸಿನಿಂದ ಇಳಿಯಲಿಲ್ಲ.’

ಇಷ್ಟೇ. ಇದನ್ನು ಓದಿ ನಾನು ‘ನೋಡಿದ್ದನ್ನು ಬರೆಯಿರಿ’ ಎಂದು ಬರೆದೆ.

ತಪ್ಪು ಅಲ್ಲಿಂದ ಶುರುವಾಗಿದ್ದಲ್ಲ. ಪ್ರವಾಸದ ಎರಡನೇ ದಿನ ಬೆಳಿಗ್ಗೆ ಆರೂವರೆಗೆ ನಾವು ತಂಗಿದ್ದ ವಸತಿಗೃಹದ ಹಿಂದಿನ ಬಯಲು ಬೆಳ್ಳಗಿತ್ತು. ಊಟಿಯಲ್ಲಿ ಹಿಮಾಲಯದ ಹಾಗೆ ಹಿಮ ಸುರಿಯುವುದಿಲ್ಲ. ಆದರೆ ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಆಕಾಶ ಶುಭ್ರವಾಗಿದ್ದಾಗ ನೆಲದ ಶಾಖವೆಲ್ಲ ಮೇಲಕ್ಕೆ ಹೋಗಿ, ತಣ್ಣನೆಯ ಗಾಳಿ ತಗ್ಗಿನಲ್ಲಿ ನಿಂತು, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಹುಡುಗರಿಗೆ ಹುಚ್ಚು ಖುಷಿ. ಬೆರಳಲ್ಲಿ ಕೆರೆದು ಒಬ್ಬರ ಕೊರಳಿಗೆ ಒಬ್ಬರು ಹಾಕುತ್ತಿದ್ದರು. ಈ ಹುಡುಗಿ ನನ್ನ ಪಕ್ಕ ಶಾಲು ಹೊದ್ದು ನಿಂತಿದ್ದಳು. ‘ಇದು ಬಿದ್ರ ಚಿಗುರೆಲ್ಲ ಸುಟ್ಟೋಯ್ತದ ಮೇಡಂ’ ಅಂದಳು. ನಾನು ‘ಹೌದಾ? ಬಾ, ಫೋಟೋಗೆ ನಿಂತ್ಕೋ’ ಅಂದೆ.

ಅವಳು ಹೇಳಿದ್ದು ನಿಜ. ನೀಲಗಿರಿಯ ಟೀ ಬೆಳೆಗಾರರು ಹೆದರುವುದೇ ಈ ಬಿಳಿಗೆ. ಒಂದು ರಾತ್ರಿಯ ಹೆಪ್ಪಿಗೆ ಎಳೆ ಚಿಗುರು ಕಂದು ಬಣ್ಣಕ್ಕೆ ತಿರುಗಿ ಕರಕಲಾಗುತ್ತದೆ. ಅದಕ್ಕೇ ಕೆಲವರು ಸಂಜೆ ಗಿಡಗಳ ಮೇಲೆ ಜರಿಗಿಡದ ಸೊಪ್ಪನ್ನೋ ಒಣಹುಲ್ಲನ್ನೋ ಹೊದಿಸುತ್ತಾರೆ. ಚಿಗುರಿಲ್ಲದಿದ್ದರೆ ಕೀಳುವವರ ಕೈಗೆ ಕೆಲಸ ಕಡಿಮೆ. ನಾವು ಚಳಿಗಾಲದ ಸೊಬಗು ಎಂದು ಮೊಬೈಲಿನಲ್ಲಿ ತುಂಬಿಕೊಂಡದ್ದು ಇನ್ನೊಬ್ಬರ ಕೂಲಿಯ ಲೆಕ್ಕದಲ್ಲಿ ನಷ್ಟ. ಆ ಬೆಳಿಗ್ಗೆ ಬಯಲಿನಲ್ಲಿದ್ದ 43 ಜನರಲ್ಲಿ ಆ ಬಿಳಿಯನ್ನು ಸರಿಯಾಗಿ ಓದಬಲ್ಲವಳು ಅವಳೊಬ್ಬಳೇ.

ಅದೇ ದಿನ ಮಧ್ಯಾಹ್ನ ಕೂನೂರಿನ ದಾರಿಯಲ್ಲಿ ಟೀ ತೋಟದ ಬದಿಗೆ ಬಸ್ಸು ನಿಂತಿತು. ಅಲ್ಲಿ ದುಡ್ಡು ಕೊಟ್ಟರೆ ಸೊಪ್ಪು ಕೀಳುವವರ ಹಾಗೆ ಬಟ್ಟೆ ತೊಡಿಸಿ, ಬೆನ್ನಿಗೆ ಬುಟ್ಟಿ ಕಟ್ಟಿ ಫೋಟೋ ತೆಗೆಯುತ್ತಿದ್ದರು. ನಮ್ಮ ಹುಡುಗಿಯರು ಸಾಲುಗಟ್ಟಿದರು. ಇವಳು ಮಾತ್ರ ಸೀಟಿನಲ್ಲೇ ಕೂತಿದ್ದಳು. ‘ಇಷ್ಟು ದುಡ್ಡು ಕಟ್ಟಿ ಬಂದು ಬಸ್ಸಿನೊಳಗೆ ಕೂರೋದಾ?’ ಎಂದು ನಾನು ರೇಗಿದೆ. ಅವಳು ಏನೂ ಹೇಳಲಿಲ್ಲ. ತಲೆನೋವಿರಬೇಕು ಎಂದುಕೊಂಡು ನಾನೂ ಇಳಿದು ಹೋದೆ.

ಈಗ ಆ ಒಂಬತ್ತು ವಾಕ್ಯಗಳನ್ನು, ತರಗತಿಯಲ್ಲಿ ಒಂದು ಕವಿತೆಯನ್ನು ಓದುವಷ್ಟು ನಿಧಾನವಾಗಿ ಓದೋಣ. ಅಲ್ಲಿ ಅಲಂಕಾರದ ಪದ ಒಂದೂ ಇಲ್ಲ. ‘ನೋಡು’ ಎಂಬ ಕ್ರಿಯಾಪದ ಮೂರು ಸಲ ಬರುತ್ತದೆ. ಮೊದಲು ‘ನೋಡಲಿಲ್ಲ’, ಮತ್ತೆ ಎರಡು ಸಲ ‘ನೋಡಿದೆ’. ನೋಡಿದ್ದು ಎರಡು ಪಟ್ಟಿ. ಒಂದು ಪಟ್ಟಿಯಲ್ಲಿ ಲೈನು ಮನೆ, ತೂಕದ ಜಾಗ, ಅಂಗಡಿ. ಇನ್ನೊಂದರಲ್ಲಿ ಕೆರೆ, ಹೂವಿನ ತೋಟ, ದೊಡ್ಡಬೆಟ್ಟ. ಒಂದು ಕೂಲಿಯವರ ಊಟಿ, ಇನ್ನೊಂದು ಪ್ರವಾಸಿಗಳ ಊಟಿ. ಮೂರು ಹೆಸರಿಗೆ ಎದುರಾಗಿ ಮೂರು ಹೆಸರು. ಎರಡೂ ಒಂದೇ ಊರು ಎಂದು ಗೊತ್ತಾಗಲಿಲ್ಲ ಎನ್ನುವಾಗ ಅವಳು ಯಾರನ್ನೂ ದೂರುತ್ತಿಲ್ಲ, ತನಗಾದದ್ದನ್ನು ಹೇಳುತ್ತಿದ್ದಾಳೆ. ಕೊನೆಯ ವಾಕ್ಯಕ್ಕೆ ಕಾರಣ ಕೊಟ್ಟಿಲ್ಲ. ಕಾರಣ ಬೇಕಾದರೆ ನಾವು ಮೂರನೆಯ ವಾಕ್ಯಕ್ಕೆ ಹಿಂದಿರುಗಿ ಹೋಗಬೇಕು.

ಅವಳು ಕಂಡ ಈ ಒಡಕು ಊಟಿಯ ಹುಟ್ಟಿನಲ್ಲೇ ಇದೆ. ಗಿರಿಧಾಮ ಎಂಬುದು ಬೆಟ್ಟದಷ್ಟು ಹಳೆಯದಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿ ಹತ್ತಿದ. ಅಲ್ಲಿ ಕಲ್ಲಿನ ಮನೆ ಕಟ್ಟಿಸಿದ. ನಾವು ದೋಣಿ ವಿಹಾರ ಮಾಡಿದ ಕೆರೆ 1820ರ ದಶಕದಲ್ಲಿ ಅವನ ಕಾಲದಲ್ಲೇ ಕಟ್ಟಿಸಿದ್ದು. ಸಸ್ಯೋದ್ಯಾನ 1848ರದು. ಊಟಿಯ ಗುರುತಿನಂತಾಗಿರುವ ನೀಲಗಿರಿ ಮರ ಆಸ್ಟ್ರೇಲಿಯಾದಿಂದ ಬಂದದ್ದು. ರೈಲು 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಬಂತು. ಬಯಲು ಸೀಮೆಯ ಸೆಖೆ ತಾಳದ ಆಡಳಿತಗಾರರು ತಮ್ಮ ನಾಡಿನ ನೆನಪಿನಂತೆ ಬರೆದ ಪಠ್ಯ ಈ ಊರು. ಆ ಪಠ್ಯಕ್ಕಿಂತ ಮುಂಚೆ ಅಲ್ಲಿ ತೋಡರ ಎಮ್ಮೆಗಳು ಮೇಯುತ್ತಿದ್ದವು, ಬಡಗರ ಹೊಲಗಳಿದ್ದವು, ಕೋತರ ಕುಲುಮೆಗಳಿದ್ದವು, ಇಳಿಜಾರಿನ ಕಾಡಿನಲ್ಲಿ ಕುರುಂಬರೂ ಇರುಳರೂ ಇದ್ದರು. ನಮ್ಮ ನಲವತ್ತು ಪ್ರವಾಸ ಕಥನಗಳು ಸಲ್ಲಿವನ್ ಬರೆಯಲು ಶುರುಮಾಡಿದ ಪಠ್ಯದ ನಕಲುಗಳು. ಅಲ್ಲಿಯೂ ಬೆಟ್ಟ ನೋಡುವವರಿಗಾಗಿ ಇದೆ, ಇರುವವರಿಗಾಗಿ ಅಲ್ಲ.

ಕನ್ನಡದ ಹುಡುಗರಿಗೆ ಇದನ್ನು ಕಾಣಲು ಒಂದು ಕಿಂಡಿ ಇತ್ತು. 2637 ಮೀಟರ್ ಎತ್ತರದ ಶಿಖರದ ಹೆಸರು ದೊಡ್ಡಬೆಟ್ಟ. ಯಾರೂ ಅರ್ಥ ಹೇಳಿಕೊಡಬೇಕಿಲ್ಲ. ದಾರಿಯಲ್ಲಿ ಬಿಳಿ ಬಟ್ಟೆ ತೊಟ್ಟ ಜನ ಗುಂಪಾಗಿ ನಡೆದು ಹೋಗುತ್ತಿದ್ದುದನ್ನು ಕಂಡು ಅಂಗಡಿಯ ಹಿರಿಯರೊಬ್ಬರನ್ನು ಕೇಳಿದಾಗ, ಅದು ಬಡಗರ ಹೆತ್ತೆ ಹಬ್ಬ ಎಂದು ತಿಳಿಯಿತು. ಹೆತ್ತೆ ಎಂದರೆ ಕುಲದ ಅಜ್ಜಿ, ದೇವತೆ. ಅವರ ಮಾತು ಕೇಳಿದ ಹುಡುಗನೊಬ್ಬ ‘ಇವರು ನಮ್ಮ ಕನ್ನಡದವರೇ!’ ಎಂದು ಕೂಗಿದ. ಬಡಗರೆಂದರೆ ಬಡಗಣ ದಿಕ್ಕಿನಿಂದ ಬಂದವರು, ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎನ್ನುತ್ತದೆ ಅವರ ಹೆಚ್ಚಿನ ಐತಿಹ್ಯ. ಭಾಷೆ ಕನ್ನಡಕ್ಕೆ ತೀರ ಹತ್ತಿರ. ಆದರೆ ಆ ಹಿರಿಯರು ನಕ್ಕು, ‘ಎಂಗದು ಬಡಗು’ ಎಂಬರ್ಥದ ಮಾತೊಂದನ್ನು ಹೇಳಿ ಸುಮ್ಮನಾದರು. ಹತ್ತಿರದ್ದೆಲ್ಲ ನಮ್ಮದೇ ಎನ್ನುವುದೂ ಒಂದು ಬಗೆಯ ಪ್ರವಾಸಿ ನೋಟವೇ. ಆ ನಗುವನ್ನು ನಲವತ್ತರಲ್ಲಿ ಯಾರೂ ಬರೆಯಲಿಲ್ಲ.

ಹಾಗಾದರೆ ಬೆಟ್ಟಕ್ಕೆ ಹೊರಗಿನಿಂದ ಹೋದವರು ಬರೆಯುವುದು ಹೇಗೆ? ನಮ್ಮ ತರಗತಿಗಳಲ್ಲಿ ಸಿಗುವ ಒಳ್ಳೆಯ ಉತ್ತರ ಶಿವರಾಮ ಕಾರಂತರ ‘ಬೆಟ್ಟದ ಜೀವ’. 1943ರ ಕಾದಂಬರಿ. ಕುಮಾರಪರ್ವತದ ತಪ್ಪಲಿನ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕ ಗೋಪಾಲಯ್ಯನ ಮನೆ ಸೇರುತ್ತಾನೆ. ಅದನ್ನು ನಾವು ಸಾಮಾನ್ಯವಾಗಿ ಕಾಡು ಕಡಿದು ತೋಟ ಮಾಡಿದ ಮನುಷ್ಯನ ಛಲದ ಕಥೆ ಎಂದು ಪಾಠ ಮಾಡುತ್ತೇವೆ. ಪರೀಕ್ಷೆಯಲ್ಲಿ ಪ್ರಶ್ನೆಯೂ ಹಾಗೇ ಬರುತ್ತದೆ. ಊಟಿಯಿಂದ ಬಂದ ಮೇಲೆ ಮತ್ತೆ ಓದಿದಾಗ ನನಗೆ ಮುಖ್ಯವಾಗಿ ಕಂಡದ್ದು ಅತಿಥಿಯ ಪಾಡು. ಅವನು ಬೆಟ್ಟ ನೋಡಲು ಬಂದವನಲ್ಲ. ಬಂದವನಿಗೆ ಊಟ, ಎಣ್ಣೆನೀರು, ಮಾತು ಎಲ್ಲ ಸಿಗುತ್ತದೆ. ಅದರ ಜೊತೆಗೆ ಆ ಮನೆಯ ನೋವೂ ಸಿಗುತ್ತದೆ. ಮನೆ ಬಿಟ್ಟು ಹೋದ ಮಗ ಶಂಭುವಿನ ಸುದ್ದಿ ಒಮ್ಮೆಗೇ ಬರುವುದಿಲ್ಲ. ಗಂಡನ ನಗುವಿನ ಹಿಂದೆ, ಹೆಂಡತಿ ಶಂಕರಮ್ಮನ ಮಾತಿನ ಹಿಂದೆ ಸ್ವಲ್ಪ ಸ್ವಲ್ಪವೇ ಬರುತ್ತದೆ. ಅತಿಥಿ ಬೆಟ್ಟ ಇಳಿಯುವಾಗ ಆ ಮಗನನ್ನು ಹುಡುಕುವ ಹೊಣೆ ಅವನ ಹೆಗಲಿಗೆ ಬಿದ್ದಿರುತ್ತದೆ. ಪ್ರವಾಸಿಗೂ ಅತಿಥಿಗೂ ಇರುವ ವ್ಯತ್ಯಾಸವೇ ಇದು. ಪ್ರವಾಸಿ ಹಣ ಕೊಟ್ಟು ಲೆಕ್ಕ ಚುಕ್ತಾ ಮಾಡಿ ಇಳಿಯುತ್ತಾನೆ. ಅತಿಥಿ ಸಾಲ ಹೊತ್ತು ಇಳಿಯುತ್ತಾನೆ.

ಇನ್ನೊಂದು ಉತ್ತರ ನಿರ್ಮಲ್ ವರ್ಮಾ ಅವರ ಹಿಂದಿ ಕಥೆ ‘ಪರಿಂದೇ’. ಶಿಮ್ಲಾದಲ್ಲಿ ಹುಟ್ಟಿದ ಈ ಲೇಖಕರ ಆ ಕಥೆಯನ್ನು ವಿಮರ್ಶಕ ನಾಮವರ್ ಸಿಂಗ್ ಹಿಂದಿಯ ನವ್ಯ ಕಥೆಯ ಮೊದಲ ಕೃತಿ ಎಂದು ಕರೆದದ್ದು ಪ್ರಸಿದ್ಧ. ನನ್ನನ್ನು ಅದು ತಟ್ಟಿದ್ದು ಬೇರೆ ಕಾರಣಕ್ಕೆ. ಅದು ಒಬ್ಬ ಶಿಕ್ಷಕಿಯ ಕಥೆ. ಬೆಟ್ಟದ ಮೇಲಿನ ಹುಡುಗಿಯರ ಶಾಲೆ, ಚಳಿಗಾಲದ ರಜೆ ಶುರುವಾಗುವ ಹೊತ್ತು, ಹೊರಡುವ ಮುನ್ನ ಒಂದು ಪಿಕ್‌ನಿಕ್. ಹುಡುಗಿಯರು ಮನೆಗೆ ಹೋಗುತ್ತಾರೆ. ಹಾಸ್ಟೆಲಿನ ಉಸ್ತುವಾರಿ ಹೊತ್ತ ಲತಿಕಾ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ತೀರಿಹೋದ ಒಬ್ಬ ಸೈನ್ಯಾಧಿಕಾರಿಯ ನೆನಪಿನಲ್ಲಿ ಅವಳು ನಿಂತುಬಿಟ್ಟಿದ್ದಾಳೆ. ಜೂಲಿ ಎಂಬ ವಿದ್ಯಾರ್ಥಿನಿಗೆ ಬಂದ ಪತ್ರವನ್ನು ಅವಳು ಶಿಸ್ತಿನ ಹೆಸರಿನಲ್ಲಿ ಇಟ್ಟುಕೊಳ್ಳುತ್ತಾಳೆ. ಕಥೆಯ ಕೊನೆಯಲ್ಲಿ ರಾತ್ರಿ ಜೂಲಿಯ ಕೋಣೆಗೆ ಹೋಗಿ, ಮಲಗಿದ ಹುಡುಗಿಯ ದಿಂಬಿನ ಕೆಳಗೆ ಆ ಪತ್ರವನ್ನು ಇಟ್ಟು ಬರುತ್ತಾಳೆ.

ಈ ಕೊನೆಯನ್ನು ವಿಮರ್ಶಕರು ಒಂಟಿತನ, ಬಿಡುಗಡೆ ಎಂದೆಲ್ಲ ವಿವರಿಸುತ್ತಾರೆ. ಮೇಷ್ಟರ ಕೆಲಸ ಮಾಡುವ ನನಗೆ ಅದು ಮೊದಲಿಗೆ ಒಂದು ತಿದ್ದುಪಡಿ. ತನ್ನ ನೋವಿನ ಅಳತೆಗೋಲಿನಿಂದ ಇನ್ನೊಬ್ಬಳ ಬದುಕನ್ನು ಅಳೆದು ತಪ್ಪು ಮಾಡಿದೆ ಎಂದು ಗೊತ್ತಾದ ಶಿಕ್ಷಕಿ, ಭಾಷಣವಿಲ್ಲದೆ, ಕಸಿದುಕೊಂಡದ್ದನ್ನು ಹಿಂದಿರುಗಿಸುತ್ತಾಳೆ. ನಾನು ಪತ್ರ ಕಸಿಯಲಿಲ್ಲ ನಿಜ. ಆದರೆ ಒಬ್ಬಳು ತನ್ನ ಬದುಕಿನ ಒಂಬತ್ತು ವಾಕ್ಯ ಬರೆದು ನನ್ನ ಮೇಜಿನ ಮೇಲಿಟ್ಟಾಗ, ಇದು ನನಗೆ ಬೇಕಾದ ಬಗೆಯ ನೋಟವಲ್ಲ ಎಂದು ಹಿಂದಕ್ಕೆ ತಳ್ಳಿದೆ. ‘ನೋಡಿದ್ದನ್ನು ಬರೆಯಿರಿ’ ಎಂಬ ನನ್ನ ಮಾತಿನ ನಿಜವಾದ ಅರ್ಥ ‘ಎಲ್ಲರೂ ನೋಡಿದ್ದನ್ನು ಬರೆಯಿರಿ’ ಎಂದಿತ್ತು.

ಈ ಎರಡು ಕೃತಿಗಳನ್ನು ಹೊಗಳಿ ಮುಗಿಸಿದರೆ ಅದೂ ಅರ್ಧ ಓದೇ. ‘ಬೆಟ್ಟದ ಜೀವ’ದಲ್ಲಿ ಕತ್ತಲಲ್ಲಿ ದಾರಿ ತಪ್ಪಿದ ನಿರೂಪಕನನ್ನು ಮನೆ ಮುಟ್ಟಿಸುವವರು ದೇರಣ್ಣ, ಬಟ್ಯ ಎಂಬ ಇಬ್ಬರು ಆಳುಗಳು. ಮನೆ ಸಿಕ್ಕಿದ ಮೇಲೆ ಕಾದಂಬರಿಯ ಬೆಳಕು ಒಳಗಿನ ದಂಪತಿಗಳ ಮೇಲೆ ನಿಲ್ಲುತ್ತದೆ. ದಾರಿ ತೋರಿಸಿದವರ ಮಕ್ಕಳು ಎಲ್ಲಿಗೆ ಹೋದರು ಎಂದು ಯಾರೂ ಕೇಳುವುದಿಲ್ಲ. ‘ಪರಿಂದೇ’ಯಲ್ಲಿ ಹಾಸ್ಟೆಲಿನ ಆಳು ಕರೀಮುದ್ದೀನ್ ಇದ್ದಾನೆ, ಬರುತ್ತಾನೆ, ಮಾತಾಡುತ್ತಾನೆ. ಆದರೆ ಕಥೆಯ ಒಂಟಿತನದಲ್ಲಿ ಅವನಿಗೆ ಪಾಲಿಲ್ಲ. ಒಂಟಿತನ ಓದು ಬರಹ ಬಲ್ಲವರಿಗೆ ಮಾತ್ರ ಬರುವ ಕಾಯಿಲೆಯೇನೋ ಎಂಬಂತೆ. ಲೈನು ಮನೆಯಿಂದ ನೋಡಿದ ಬೆಟ್ಟ ಈ ಎರಡು ದೊಡ್ಡ ಕೃತಿಗಳಲ್ಲೂ ಅಂಚಿನಲ್ಲೇ ಉಳಿದಿದೆ. ನನ್ನ ವಿದ್ಯಾರ್ಥಿನಿಯ ಬರಹ ಆ ಕೃತಿಗಳಿಗೆ ಸಮ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಅವಳಿಗೂ ಮಾಡುವ ಅನ್ಯಾಯ. ಅವಳು ಇನ್ನೂ ಬರೆಯಬೇಕು, ಆ ತೂಕದ ಜಾಗದ ಒಳಗೆ ನಮ್ಮನ್ನು ಕರೆದುಕೊಂಡು ಹೋಗಬೇಕು. ಆದರೆ ಎಲ್ಲಿಂದ ಶುರುಮಾಡಬೇಕು ಎಂಬುದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಹೊಳೆಯುವ ಹೊತ್ತಿಗೆ ಆಂತರಿಕ ಅಂಕಗಳನ್ನು ಕಳಿಸಿಯಾಗಿತ್ತು. ಬದಲಾಯಿಸಲು ಆಗಲಿಲ್ಲ. ಅವಳನ್ನು ವಿಭಾಗಕ್ಕೆ ಕರೆದು, ನಾನು ಸರಿಯಾಗಿ ಓದಲಿಲ್ಲ, ತಪ್ಪು ನನ್ನದು ಅಂದೆ. ‘ಓಗ್ಲಿ ಬುಡಿ ಮೇಡಂ’ ಅಂದಳು. ಅದರಲ್ಲಿ ಕ್ಷಮೆ ಎಷ್ಟಿತ್ತು, ಇಲ್ಲಿಂದ ಬೇಗ ಹೋದರೆ ಸಾಕು ಎಂಬ ಆತುರ ಎಷ್ಟಿತ್ತು, ಹೇಳಲಾರೆ. ಇಂಥ ಮಾತಿನಿಂದ ಹಗುರಾಗುವುದು ಹೇಳಿದವರಿಗೇ ಹೊರತು ಕೇಳಿದವರಿಗಲ್ಲ ಎಂಬುದೂ ಆಗ ತಿಳಿಯಿತು. ಅವಳಿಗೆ ಆ ಆರು ಅಂಕ ಬೇಕಿದ್ದವು.

ಮಾಡಬಹುದಾಗಿದ್ದದ್ದು ಇಷ್ಟು. ಈ ವರ್ಷದ ಪ್ರವಾಸಕ್ಕೆ ಪ್ರಶ್ನೆ ಬದಲಾಯಿಸಿದ್ದೇವೆ. ‘ನೀವು ನೋಡಿದ ಸ್ಥಳವನ್ನು ವರ್ಣಿಸಿ’ ಎಂಬುದರ ಬದಲು ‘ಅಲ್ಲಿ ದುಡಿಯುವ ಒಬ್ಬರೊಂದಿಗೆ ಮಾತಾಡಿ, ಅವರ ಒಂದು ದಿನವನ್ನು ಬರೆಯಿರಿ, ಅವರು ನಿಮ್ಮನ್ನು ಹೇಗೆ ನೋಡಿರಬಹುದು ಎಂಬುದನ್ನೂ ಬರೆಯಿರಿ’ ಎಂದು ಕೇಳುತ್ತೇವೆ. ಪುಟದ ಲೆಕ್ಕ ತೆಗೆದಿದ್ದೇವೆ. ಇದರಿಂದ ಒಳ್ಳೆಯ ಬರಹಗಳೇ ಬರುತ್ತವೆ ಎಂಬ ಭರವಸೆಯಿಲ್ಲ. ಹಸಿರು ಸೀರೆಯ ಜಾಗದಲ್ಲಿ ‘ಬಡ ಕಾರ್ಮಿಕರ ಕಣ್ಣೀರು’ ಎಂಬ ಇನ್ನೊಂದು ಸವೆದ ಮಾತು ಬಂದು ಕೂರಬಹುದು. ಆಗ ಅದನ್ನೂ ಗುರುತಿಸಬೇಕಾಗುತ್ತದೆ.

ಮೊನ್ನೆ ತರಗತಿಯಲ್ಲಿ ‘ಪರಿಂದೇ’ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಲತಿಕಾ ರಜೆಯಲ್ಲೂ ಬೆಟ್ಟದಲ್ಲೇ ಉಳಿಯುತ್ತಾಳೆ ಎಂದಾಗ ಹುಡುಗರು ಮೌನವಾಗಿದ್ದರು. ಚರ್ಚೆ ಶುರುವಾದ ಮೇಲೆ ಕೊನೆಯ ಬೆಂಚಿನಿಂದ ಅವಳು ಕೈ ಎತ್ತಿದಳು. ‘ಮೇಡಂ, ಆ ಕರೀಮುದ್ದೀನ್‌ಗೂ ರಜ ಕೊಡ್ತಾರ?’

ನನ್ನ ಬಳಿ ಉತ್ತರ ಇರಲಿಲ್ಲ. ಕಥೆಯನ್ನು ಮತ್ತೆ ಓದಲು ಮೇಜಿನ ಮೇಲೆ ತೆಗೆದಿಟ್ಟುಕೊಂಡಿದ್ದೇನೆ, ಈ ಸಲ ಅವನು ಬರುವ ಸಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ.